ಉಲ್ಕಾಪಾತವೂ ನೆಲದ ರೂಪವೂ

ಸಕ್ರೆಬೈಲಿನ ಆನೆಬಿಡಾರವನ್ನು ದಾಟಿ ತುಂಗಾನದಿಯ ಮೇಲ್ಗಡೆಗೆ ಹೋದರೆ ತೀರ್ಥಹಳ್ಳಿಯು ಸಿಕ್ಕುವುದಷ್ಟೆ. ಅಲ್ಲಿ ಹೊಳೆಯ ಪಾತ್ರದ ಬಂಡೆಗಳಲ್ಲಿ ಕುಳಿಗಳುಂಟು. ಅವುಗಳಲ್ಲೊಂದು ಪರಶುರಾಮನ ಕೊಡಲಿಯ ಪೆಟ್ಟಿನಿಂದಾದದ್ದೆಂದು ಸ್ಥಳದ ಐತಿಹ್ಯ. ಮೈಸೂರು ದೇಶದ ಗ್ಯಾಸೆಟಿಯರನ್ನು ರಚಿಸಿದ ಬಿ. ಎಲ್. ರೈಸರು ಈ ಐತಿಹ್ಯವನ್ನು ಹೇಳುವಾಗಲೇ, ಆ ಕುಳಿಗಳನ್ನು ತೋಡಿದುದು ರಭಸದಿಂದ ಹರಿಯುವ ನೀರೆಂಬುದನ್ನೂ ತಿಳಿಸಿದ್ದಾರೆ. ಇಲ್ಲಿಂದ ಉತ್ತರಕ್ಕೆ ನೂರಾರು ಮೈಲಿ ದೂರದಲ್ಲಿ, ಈಗಿನ ಮಹಾರಾಷ್ಟ್ರದ ಬುಲಢಾಣಾ ಜಿಲ್ಲೆಯ ಲೋಣಾರದಲ್ಲಿ ಮತ್ತೊಂದು ಕುಳಿಯಿದೆ. ಅದು ಮಹಾವಿಷ್ಣುವು ಲವಣಾಸುರನನ್ನು ಸಂಹರಿಸಿದ ಸ್ಥಳವೆಂದು ಅಲ್ಲಿಯವರ ಕಥೆ. ಎರಡು ಕಥೆಗಳೂ ಒಂದೇ ಜಾತಿಯವು: ದೇವರ ಆಯುಧವೋ ಪಾದವೋ ನೆಲಕ್ಕೆ ತಗುಲಿತು, ನೆಲ ಕುಳಿಯಾಯಿತು. ಕಾರಣಗಳು ಮಾತ್ರ ಬೇರೆ ಬೇರೆ. ತೀರ್ಥಹಳ್ಳಿಯ ಕುಳಿಯನ್ನು ನೀರು ಮಾಡಿತು. ಲೋಣಾರದ ಕುಳಿಯನ್ನು ಆಕಾಶದಿಂದ ಬಂದ ಪೆಟ್ಟೇ ಮಾಡಿತು.

ಒಂದೇ ಬಗೆಯ ಕಥೆಯ ಹಿಂದೆ ಇಷ್ಟು ಭಿನ್ನವಾದ ಕಾರಣಗಳು ಅಡಗಿರುವಾಗ, ಯಾವುದು ಯಾವುದೆಂದು ಕಂಡುಕೊಳ್ಳುವ ಮಾರ್ಗವೇನು? ಈ ಪ್ರಶ್ನೆ ಬರಿಯ ಕುತೂಹಲದ್ದಲ್ಲ. ಪುರಾಣದಲ್ಲಿರುವುದೆಲ್ಲವೂ ಕಣ್ಣಾರೆ ಕಂಡವರ ವರದಿಯೆಂದು ಸಾಧಿಸುವವರು ಒಂದು ಕಡೆ, ಪುರಾಣವೆಂದರೆ ಅಜ್ಜಿಕಥೆಯೆಂದು ತಳ್ಳಿಬಿಡುವವರು ಇನ್ನೊಂದು ಕಡೆ ಇರುವ ಕಾಲವಿದು. ದುಂಡಗಿನ ಕೆರೆಯೊಂದನ್ನು ಕಂಡೊಡನೆ ಇದು ಉಲ್ಕೆ ಬಿದ್ದ ಜಾಗವೆಂದು ನಿರ್ಣಯಿಸುವ ಮೂರನೆಯ ಪಂಗಡವೊಂದು ಈಚೆಗೆ ಹುಟ್ಟಿಕೊಂಡಿದೆ. ಈ ಮೂವರಿಗೂ ಲೋಣಾರವು ಒಂದೊಂದು ಪಾಠವನ್ನು ಹೇಳಬಲ್ಲುದು.

ಮೊದಲು ನಮ್ಮ ಶಾಸ್ತ್ರಗ್ರಂಥಗಳಲ್ಲಿ ಏನಿದೆಯೆಂಬುದನ್ನು ನೋಡೋಣ. ಕ್ರಿಸ್ತಶಕ ಆರನೆಯ ಶತಮಾನದವನಾದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಉಲ್ಕೆಗಳಿಗಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಸ್ವರ್ಗದಲ್ಲಿ ಪುಣ್ಯಫಲವನ್ನು ಉಂಡು ಮುಗಿಸಿ ಕೆಳಗೆ ಬೀಳುವವರ ರೂಪಗಳೇ ಉಲ್ಕೆಗಳೆಂದು ಅವನು ಆರಂಭಿಸುತ್ತಾನೆ. ಇಷ್ಟನ್ನೇ ಓದಿ ಪುಸ್ತಕವನ್ನು ಮುಚ್ಚುವವರು ಮುಂದಿನ ಸ್ವಾರಸ್ಯವನ್ನು ಕಳೆದುಕೊಳ್ಳುತ್ತಾರೆ. ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಅವುಗಳನ್ನು ಐದಾಗಿ ವಿಂಗಡಿಸಿ, ಪ್ರತಿಯೊಂದರ ಆಕಾರ, ಬಣ್ಣ, ಬಾಲ, ಶಬ್ದಗಳನ್ನು ಅವನು ಬೇರೆಬೇರೆಯಾಗಿ ಹೇಳುತ್ತಾನೆ. ಇವುಗಳಲ್ಲಿ ಅಶನಿಯು ಮಹಾಧ್ವನಿಯೊಡನೆ ಚಕ್ರದಂತೆ ಸುತ್ತುತ್ತ, ಮನುಷ್ಯರು, ಆನೆಗಳು, ಕುದುರೆಗಳು, ಮೃಗಗಳು, ಕಲ್ಲುಗಳು, ಮನೆಗಳು, ಮರಗಳು ಇವುಗಳ ಮೇಲೆ ಬೀಳುವುದಲ್ಲದೆ, ನೆಲವನ್ನೇ ಸೀಳುವುದೆಂದು ಅವನ ಮಾತು. ಸಿಡಿಲನ್ನೂ ಉಲ್ಕೆಯನ್ನೂ ಅವನು ಒಂದೇ ಕುಟುಂಬಕ್ಕೆ ಸೇರಿಸಿದುದು ಇಂದಿನ ದೃಷ್ಟಿಗೆ ಸರಿಯಲ್ಲ. ಆದರೂ ಆಕಾಶದಿಂದ ಬೀಳುವ ಕೆಲವು ವಸ್ತುಗಳು ಬರಿಯ ಬೆಳಕಾಗಿ ನಂದಿಹೋಗುವುವು, ಕೆಲವು ನೆಲಕ್ಕೆ ಮುಟ್ಟಿ ನೆಲವನ್ನು ಭೇದಿಸುವುವು ಎಂಬ ವಿವೇಚನೆ ಅಲ್ಲಿದೆ. ಆಕಾಶದಿಂದ ಕಲ್ಲು ಬೀಳುವುದೆಂಬುದನ್ನು ಯೂರೋಪಿನ ವಿದ್ವಾಂಸರು ಹದಿನೆಂಟನೆಯ ಶತಮಾನದ ಕೊನೆಯವರೆಗೂ ಬಹುಮಟ್ಟಿಗೆ ಒಪ್ಪಲಿಲ್ಲವೆಂಬುದನ್ನು ಇದರೊಡನೆ ಇಟ್ಟು ನೋಡತಕ್ಕದ್ದು.

ಇಲ್ಲಿ ಶಾಸನಗಳ ವಿಷಯವಾಗಿ ಒಂದು ಮಾತನ್ನು ಹೇಳಬೇಕೆನಿಸುತ್ತದೆ. ರೈಸರೇ ಸಂಪಾದಿಸಿ 1902 ಮತ್ತು 1904ರಲ್ಲಿ ಹೊರತಂದ ಶಿವಮೊಗ್ಗ ಜಿಲ್ಲೆಯ ಶಾಸನಸಂಪುಟಗಳನ್ನು ತಿರುವಿಹಾಕಿದವರಿಗೆ ಸೂರ್ಯಗ್ರಹಣ, ಚಂದ್ರಗ್ರಹಣ, ಉತ್ತರಾಯಣ ಸಂಕ್ರಾಂತಿ, ವ್ಯತೀಪಾತಗಳು ಪದೇ ಪದೇ ಎದುರಾಗುತ್ತವೆ. ಉಲ್ಕೆಗೆ ಅಲ್ಲಿ ಆ ಸ್ಥಾನವಿಲ್ಲ. ಕಾರಣವು ಸ್ಪಷ್ಟವಾಗಿದೆ. ಗ್ರಹಣವು ದಾನಕ್ಕೆ ಪುಣ್ಯಕಾಲ, ಉಲ್ಕೆಯಾದರೋ ಉತ್ಪಾತ. ಉತ್ಪಾತಕ್ಕೆ ಶಾಂತಿಯನ್ನು ಮಾಡಿಸುವರೇ ಹೊರತು, ಆ ಹೊತ್ತಿನಲ್ಲಿ ಗದ್ದೆಯನ್ನು ಧಾರೆಯೆರೆದು ಕಲ್ಲು ನೆಡಿಸುವವರಾರು? ಕಲ್ಲಿನ ಮೇಲೆ ಬರೆಯಲಿಲ್ಲವೆಂದ ಮಾತ್ರಕ್ಕೆ ಆಕಾಶದಲ್ಲಿ ನಡೆಯಲಿಲ್ಲವೆಂದು ಅರ್ಥವಾಗದು.

ಬರೆದಿಟ್ಟವರೂ ಇದ್ದಾರೆ. ಮೊಗಲ ಬಾದಶಹ ಜಹಾಂಗೀರನು ತನ್ನ ಆತ್ಮವೃತ್ತಾಂತದಲ್ಲಿ 1621ರ ಒಂದು ಸಂಗತಿಯನ್ನು ವಿವರಿಸಿದ್ದಾನೆ. ಜಲಂಧರ ಪ್ರಾಂತದ ಹಳ್ಳಿಯೊಂದರಲ್ಲಿ ಬೆಳಗಿನ ಹೊತ್ತು ಭಯಂಕರವಾದ ಶಬ್ದದೊಡನೆ ಬೆಳಕೊಂದು ಇಳಿಯಿತು. ಅಲ್ಲಿಯ ಅಧಿಕಾರಿಯು ಹೋಗಿ ನೋಡಲು, ಹತ್ತು ಹನ್ನೆರಡು ಗಜಗಳಷ್ಟು ನೆಲ ಹುಲ್ಲುಗರಿಯೂ ಉಳಿಯದಂತೆ ಸುಟ್ಟಿತ್ತು. ಅಗೆಯುತ್ತ ಹೋದಂತೆ ಬಿಸಿ ಹೆಚ್ಚಾಗಿ, ಕೊನೆಗೆ ಒಂದು ಕಬ್ಬಿಣದ ಗಟ್ಟಿ ದೊರೆಯಿತು. ತೂಕ 160 ತೊಲ. ಬಾದಶಹನು ಅದನ್ನು ಕಮ್ಮಾರನಿಗೆ ಕೊಡಿಸಿದನು. ಅದು ಸುತ್ತಿಗೆಯ ಕೆಳಗೆ ನಿಲ್ಲದೆ ಒಡೆಯತೊಡಗಿತು. ಮೂರು ಪಾಲು ಆಕಾಶದ ಕಬ್ಬಿಣಕ್ಕೆ ಒಂದು ಪಾಲು ನೆಲದ ಕಬ್ಬಿಣವನ್ನು ಬೆರೆಸಿ ಎರಡು ಕತ್ತಿ, ಒಂದು ಕಠಾರಿ, ಒಂದು ಚೂರಿಗಳನ್ನು ಮಾಡಿಸಿದರಂತೆ. ಕಬ್ಬಿಣದ ಊರಾದ ಭದ್ರಾವತಿಯವರು ಈ ವೃತ್ತಾಂತವನ್ನು ಮೆಚ್ಚಿಕೊಳ್ಳದಿರಲಾರರು. ಕೆಮ್ಮಣ್ಣುಗುಂಡಿಯ ಅದುರಿನಿಂದ 1923ರಲ್ಲಿ ಭದ್ರಾವತಿಯ ಕುಲುಮೆಯಲ್ಲಿ ಇಳಿಸಿದ ಕಬ್ಬಿಣವು ಪುರಾತನ ಸಮುದ್ರದ ತಳದಲ್ಲಿ ಪದರಪದರವಾಗಿ ಕೂತದ್ದು. ಆಕಾಶದ ಕಬ್ಬಿಣದಲ್ಲಿಯೋ ನಿಕ್ಕಲ್ ಎಂಬ ಲೋಹವು ಬೆರೆತೇ ಇರುವುದು. ಎರಡರ ವಂಶವೃಕ್ಷವೂ ಬೇರೆ.

ಕನ್ನಡ ನಾಡಿನಲ್ಲಿಯೂ ಆಕಾಶದಿಂದ ಕಲ್ಲುಗಳು ಬಿದ್ದು, ಜಗತ್ತಿನ ಉಲ್ಕಾಶಿಲೆಗಳ ಪಟ್ಟಿಯಲ್ಲಿ ಸೇರಿವೆ. ಮೈಸೂರು ಸಂಸ್ಥಾನದಲ್ಲಿ 1865ರ ಸೆಪ್ಟೆಂಬರಿನಲ್ಲಿ ಬಿದ್ದದ್ದು ಮುದ್ದೂರಿನ ಕಲ್ಲೆಂದೂ, 1866ರ ಏಪ್ರಿಲಿನಲ್ಲಿ ಬಿದ್ದದ್ದು ಉಡುಪಿಯ ಕಲ್ಲೆಂದೂ ಆ ಪಟ್ಟಿಯಲ್ಲಿ ಹೆಸರಾಗಿವೆ. ನಮ್ಮ ಗಡಿಗೆ ತಗುಲಿದಂತಿರುವ ಕೃಷ್ಣಗಿರಿ ಜಿಲ್ಲೆಯ ಶೂಲಗಿರಿಯಲ್ಲಿ 2008ರ ಸೆಪ್ಟೆಂಬರ್ 12ರಂದು ಹಲವು ತುಂಡುಗಳಾಗಿ ಬಿದ್ದ ಕಲ್ಲಿನ ಒಟ್ಟು ತೂಕ ಸುಮಾರು 110 ಕಿಲೋಗ್ರಾಮು. ಇಷ್ಟೆಲ್ಲ ಬಿದ್ದರೂ ಈ ನೆಲದ ರೂಪದಲ್ಲಿ ಏನೂ ಮಾರ್ಪಾಟಾಗಲಿಲ್ಲ. ಸಣ್ಣ ಕಲ್ಲು ಗಾಳಿಯನ್ನು ಹೊಗುವಾಗ ಅದರ ಮೈ ಉರಿದು ಕರಗುವುದೇನೋ ನಿಜ. ಆದರೆ ಗಾಳಿಯ ತಡೆಯಿಂದ ಅದರ ಆಕಾಶವೇಗವೆಲ್ಲ ಮೇಲೆಯೇ ಕಳೆದುಹೋಗಿ, ಕೊನೆಯ ಕೆಲವು ಮೈಲಿಗಳನ್ನು ಅದು ಗೋಪುರದ ತುದಿಯಿಂದ ಜಾರಿದ ಕಲ್ಲಿನಂತೆ ಇಳಿಯುವುದು. ಗದ್ದೆಯಲ್ಲಿ ಬಿದ್ದರೆ ಮೊಳ ಎರಡು ಮೊಳದ ಹಳ್ಳ, ಬಂಡೆಯ ಮೇಲೆ ಬಿದ್ದರೆ ತಾನೇ ಚೂರು. ಒಂದು ಮಳೆಗಾಲ ಕಳೆದರೆ ಆ ಹಳ್ಳವನ್ನು ಗುರುತಿಸುವವರಿಲ್ಲ.

ದೊಡ್ಡ ಬಂಡೆಯ ಕತೆಯೇ ಬೇರೆ. ನೂರಾರು ಅಡಿ ಗಾತ್ರದ ಬಂಡೆಗೆ ಗಾಳಿಯು ತಡೆಯಾಗಲಾರದು. ಅದು ಭೂಮಿಗೆ ಬರುವ ವೇಗವು ಸೆಕೆಂಡಿಗೆ 11 ಕಿಲೋಮೀಟರಿಗೆ ಕಡಮೆಯಿಲ್ಲ. ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು. ಸಕ್ರೆಬೈಲಿನಿಂದ ಶಿವಮೊಗ್ಗೆಗೆ ಸುಮಾರು 14 ಕಿಲೋಮೀಟರಿನ ದಾರಿ. ಅಷ್ಟನ್ನು ಅದು ಒಂದೂಕಾಲು ಸೆಕೆಂಡಿನಲ್ಲಿ ಕ್ರಮಿಸುವುದು. ಆ ವೇಗದಲ್ಲಿ ಕಲ್ಲಿಗೆ ಕಲ್ಲು ತಗುಲಿದಾಗ ಕಲ್ಲು ಕಲ್ಲಿನಂತೆ ನಡೆದುಕೊಳ್ಳುವುದಿಲ್ಲ. ಒತ್ತಡದ ಅಲೆಯೊಂದು ನೆಲದೊಳಕ್ಕೂ ಬಂದ ಬಂಡೆಯೊಳಕ್ಕೂ ಹಬ್ಬಿ, ಬಂದ ಬಂಡೆಯ ಬಹುಭಾಗವು ಕರಗಿ ಆವಿಯಾಗುವುದು. ಆಮೇಲೆ ಆ ಅಲೆಯ ಹಿಂದೆಯೇ ನೆಲದ ಕಲ್ಲುಗಳು ಹೊರಕ್ಕೂ ಮೇಲಕ್ಕೂ ಹರಿದು, ಬೋಗುಣಿಯಂತಹ ಕುಳಿಯು ತೆರೆದುಕೊಳ್ಳುವುದು. ಆಮೇಲೆ ಅಂಚುಗಳು ಒಳಕ್ಕೆ ಕುಸಿದು ತಳವು ತುಂಬುವುದು. ಲೋಣಾರದಷ್ಟು ದೊಡ್ಡ ಕುಳಿಗೂ ಇದೆಲ್ಲ ಒಂದು ನಿಮಿಷದೊಳಗೆ ಮುಗಿದುಹೋಗುವ ಕೆಲಸ. ಕುಳಿಯು ದುಂಡಗಿರುವುದಕ್ಕೆ ಬಂಡೆಯು ನೆಟ್ಟಗೆ ಬಿದ್ದಿರಬೇಕೆಂದು ತಿಳಿಯುವುದು ಸಲ್ಲದು. ಓರೆಯಾಗಿ ಬಂದರೂ, ತೀರ ಮಲಗಿದಂತೆ ಬಂದ ಹೊರತು, ಕುಳಿಯು ದುಂಡಗೇ ಆಗುವುದು. ಏಕೆಂದರೆ ತೋಡುವ ಕೆಲಸವನ್ನು ಮಾಡುವುದು ಸಿಡಿತವೇ ಹೊರತು ಬಂಡೆಯ ಮೊನೆಯಲ್ಲ.

ಈ ತತ್ತ್ವವು ತಿಳಿಯದೆ ಒಬ್ಬನು ತನ್ನ ಐಶ್ವರ್ಯವನ್ನೇ ನೆಲದೊಳಗೆ ಹೂಳಿದನು. ಅಮೆರಿಕದ ಆರಿಜೋನಾ ಸೀಮೆಯಲ್ಲಿ 1.2 ಕಿಲೋಮೀಟರು ಅಗಲದ ಒಂದು ಕುಳಿಯಿದೆ. ಗಿಲ್ಬರ್ಟ್ ಎಂಬ ಹೆಸರಾಂತ ಭೂಶಾಸ್ತ್ರಜ್ಞನು 1891ರಲ್ಲಿ ಅದನ್ನು ಪರೀಕ್ಷಿಸಿ, ಉಲ್ಕೆಯ ಊಹೆಯನ್ನು ತೂಗಿ ನೋಡಿದ ಮೇಲೂ, ಅದು ಭೂಗರ್ಭದ ಆವಿಯ ಸ್ಫೋಟದಿಂದಾದುದೆಂಬ ಪಕ್ಷಕ್ಕೆ ಒಲಿದನು. ಬ್ಯಾರಿಂಜರ್ ಎಂಬ ಗಣಿಯುದ್ಯಮಿಯು ಇದನ್ನು ಒಪ್ಪದೆ, ಉಲ್ಕೆಯೇ ಬಿದ್ದಿದೆಯೆಂದೂ ಅದರ ಕಬ್ಬಿಣದ ರಾಶಿಯು ತಳದಲ್ಲಿ ಹೂತಿದೆಯೆಂದೂ 1903ರಿಂದ ಇಪ್ಪತ್ತೈದು ವರ್ಷಕ್ಕೂ ಮಿಗಿಲಾಗಿ ಅಗೆಯಿಸಿದನು. ರಾಶಿಯು ಸಿಕ್ಕಲಿಲ್ಲ, 1929ರಲ್ಲಿ ಆತನು ತೀರಿಕೊಂಡನು. ಆಕಾಶದಿಂದ ಬಿದ್ದದ್ದು ನಿಜ, ಹೂತದ್ದು ಸುಳ್ಳು. ಅದರ ಬಹುಭಾಗವು ಬಿದ್ದ ಗಳಿಗೆಯಲ್ಲಿಯೇ ಆವಿಯಾಗಿ, ಚೂರಾಗಿ ಹೋಗಿತ್ತು. ಆ ಕುಳಿಯ ಕಲ್ಲಿನಲ್ಲಿ ಕೋಸೈಟ್ ಎಂಬ, ಅತಿಯಾದ ಒತ್ತಡದಲ್ಲಿ ಮಾತ್ರ ಹುಟ್ಟುವ ಸ್ಫಟಿಕವು 1960ರಲ್ಲಿ ದೊರೆತಾಗ ವಿವಾದವು ಮುಗಿಯಿತು.

ಇನ್ನು ಲೋಣಾರಕ್ಕೆ ಬರೋಣ. ಕವಿರಾಜಮಾರ್ಗವು ಕನ್ನಡನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿಸಿ ಹೇಳುವುದು ಎಲ್ಲರೂ ಬಲ್ಲ ವಿಷಯ. ಲೋಣಾರವು ಆ ಗೋದಾವರಿಯಿಂದ ಆಚೆಗೆ ಸ್ವಲ್ಪವೇ ದೂರ. ಮಾನ್ಯಖೇಟದ ರಾಷ್ಟ್ರಕೂಟರ ಆಳ್ವಿಕೆ ಆ ಸೀಮೆಯ ಮೇಲೂ ಇತ್ತು. ಸುತ್ತ ಎತ್ತ ನೋಡಿದರೂ ಎರೆಯ ಬಯಲು. ಬಯಲಿನಲ್ಲಿ ನಡೆದುಬಂದವನಿಗೆ ನೆಲವು ಮೆಲ್ಲಗೆ ಏರಿದಂತೆ ತೋರಿ, ಸುಮಾರು 20 ಮೀಟರು ಏರಿದ ಮೇಲೆ ತಟಕ್ಕನೆ ಕಾಲ ಕೆಳಗೆ ಪಾತಾಳವು ತೆರೆದುಕೊಳ್ಳುವುದು. ಈ ಅಂಚಿನಿಂದ ಆ ಅಂಚಿಗೆ 1.8 ಕಿಲೋಮೀಟರಿಗೂ ತುಸು ಹೆಚ್ಚು. ಅಂಚಿನಿಂದ ತಳಕ್ಕೆ ಸುಮಾರು 150 ಮೀಟರು, ಎಂದರೆ ಐನೂರು ಅಡಿ. ಇಳಿಜಾರಿನಲ್ಲಿ ಕಾಡು, ಕಾಡಿನ ಕೆಳಗೆ ಜಾಲಿಯ ಪೊದೆ, ಪೊದೆಯ ಕೆಳಗೆ ಬಿಳಿಯ ಉಪ್ಪುಕೆಸರು, ನಡುವೆ ಕ್ಷಾರಜಲದ ಸರೋವರ: ಒಂದರೊಳಗೊಂದು ಬಳೆಯಿಟ್ಟಂತೆ.

ಅದು ಕುಳಿತಿರುವ ಕಲ್ಲು ದಖ್ಖನದ ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ, ಪದರದ ಮೇಲೆ ಪದರವಾಗಿ ಹರಡಿ ಗಟ್ಟಿಯಾದ ಶಿಲಾರಸ. ಆ ಪದರಗಳು ಸುತ್ತಣ ಬಯಲಿನಲ್ಲೆಲ್ಲ ಚಾಪೆ ಹಾಸಿದಂತೆ ಮಟ್ಟಸವಾಗಿವೆ. ಕುಳಿಯ ಗೋಡೆಯಲ್ಲಿ ಐದಾರು ಪದರಗಳು ಒಂದರ ಮೇಲೊಂದು ಕಾಣುತ್ತವೆ. ಅಂಚಿನ ಬಳಿಗೆ ಬಂದಾಗ ಅವು ಮಟ್ಟವನ್ನು ಬಿಟ್ಟು ಮೇಲಕ್ಕೆ ಬಾಗಿವೆ, ಕೆಲವೆಡೆ ಹೊರಕ್ಕೆ ಮಗುಚಿಕೊಂಡಿವೆ. ಅಂಚಿನಿಂದಾಚೆಗೆ ಒಂದು ಕಿಲೋಮೀಟರಿಗೂ ಮಿಗಿಲಾಗಿ, ಒಳಗಿನಿಂದ ಸಿಡಿದುಬಂದ ಕಲ್ಲುಮಣ್ಣಿನ ಹೊದಿಕೆ ಸುತ್ತಲೂ ಹಾಸಿದೆ. ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರಿಗೆ ಅನುಲೋಮ ವಿಲೋಮಗಳೆಂಬ ಮಾತುಗಳು ಪರಿಚಿತವಷ್ಟೆ. ಉಲ್ಕೆಯ ಕುಳಿಯ ಅಂಚಿನಲ್ಲಿ ಭೂಮಿಯು ತನ್ನ ಪಾಠವನ್ನು ವಿಲೋಮವಾಗಿ ಒಪ್ಪಿಸುತ್ತದೆ. ಪುಸ್ತಕದ ಹಾಳೆಯನ್ನು ಮಗುಚಿದಂತೆ, ಮೇಲಿನ ಪದರವು ಕೆಳಗೂ ಕೆಳಗಿನದು ಮೇಲೂ ಬಂದಿರುತ್ತದೆ. ತುಂಗೆಯ ನೀರು ಸಾವಿರಾರು ವರ್ಷ ಕೊರೆದರೂ ಹಾಳೆಯನ್ನು ಹೀಗೆ ಮಗುಚಲಾರದು. ಹೊಳೆಯ ಕುಳಿಗೆ ಏರಿದ ಅಂಚಿಲ್ಲ, ಸಿಡಿದ ಹೊದಿಕೆಯಿಲ್ಲ. ಅದರ ಗೋಡೆಯು ಸುಳಿನೀರಿನಲ್ಲಿ ತಿರುಗಿದ ಗುಂಡುಕಲ್ಲಿನಿಂದ ನುಣುಪಾಗಿರುತ್ತದೆ, ತಳದಲ್ಲಿ ಆ ಗುಂಡುಕಲ್ಲೇ ಎಷ್ಟೋ ವೇಳೆ ಕೂತಿರುತ್ತದೆ. ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಬರಿಗಣ್ಣಿಗೆ ಸಿಕ್ಕುವ ಉತ್ತರ ಇಷ್ಟು.

ಬರಿಗಣ್ಣಿನ ಉತ್ತರವು ಸಾಲದೆಂಬುದಕ್ಕೂ ಲೋಣಾರವೇ ಸಾಕ್ಷಿ. ಅಲೆಕ್ಸಾಂಡರ್ ಎಂಬ ಆಂಗ್ಲ ಅಧಿಕಾರಿಯು 1823ರಲ್ಲಿ ಅದನ್ನು ನೋಡಿ ವರ್ಣಿಸಿದ ಮೇಲೆ ನೂರೈವತ್ತು ವರ್ಷಗಳ ಕಾಲ ಭೂಶಾಸ್ತ್ರಜ್ಞರಲ್ಲಿ ಒಮ್ಮತವಾಗಲಿಲ್ಲ. ಸುತ್ತಣ ಕಲ್ಲೆಲ್ಲ ಅಗ್ನಿಪರ್ವತದ ಸಂತತಿಯಾಗಿರುವಾಗ, ಕುಳಿಯೂ ಅಗ್ನಿಪರ್ವತದ ಬಾಯಿಯೇ ಆಗಿರಬೇಕೆಂದು ಬಹುಜನರು ತಿಳಿದರು. ಇದು ಹುರುಳಿಲ್ಲದ ಊಹೆಯೇನೂ ಆಗಿರಲಿಲ್ಲ. ಕುಳಿಯ ತಳಕ್ಕೆ ಬೈರಿಗೆಯಿಳಿಸಿ, ನೂರು ಮೀಟರಿನಷ್ಟು ಕೆಸರಿನ ಕೆಳಗಿರುವ ಚೂರುಗಲ್ಲನ್ನು ಮೇಲೆ ತಂದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆ ವಿಷಯವು ತಿಳಿಯಾಯಿತು. ಭಾರತದ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯವರೂ ಅಮೆರಿಕದ ಶಾಸ್ತ್ರಜ್ಞರೂ ಸೇರಿ 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಆ ಚೂರುಗಲ್ಲಿನಲ್ಲಿ ಮ್ಯಾಸ್ಕಲಿನೈಟ್ ಎಂಬ ಗಾಜು ಇದೆಯೆಂದು ತೋರಿಸಿದರು. ಇದು ಕರಗಿ ಆದ ಗಾಜಲ್ಲ. ಹರಳು ಹರಳಾಗಿಯೇ ಇದ್ದು, ಆಘಾತದ ಅಲೆಯಿಂದ ಒಳಗಿನ ಜೋಡಣೆಯನ್ನು ಕಳೆದುಕೊಂಡು ಗಾಜಾದದ್ದು. ಅಗ್ನಿಪರ್ವತಕ್ಕೆ ಎಷ್ಟೇ ಬಿಸಿಯಿದ್ದರೂ ಅಂತಹ ಒತ್ತಡವಿಲ್ಲ. ಕರಿಕಲ್ಲಿನಲ್ಲಿ ಉಲ್ಕೆಯು ಮಾಡಿದ ಕುಳಿಗಳು ಭೂಮಿಯ ಮೇಲೆ ಬೆರಳೆಣಿಕೆಯಷ್ಟೇ ಇರುವುದರಿಂದ, ಅಂತಹ ಕಲ್ಲೇ ಹರಡಿರುವ ಚಂದ್ರ ಮಂಗಳಗಳ ಕುಳಿಗಳನ್ನು ಅರಿಯಬೇಕೆನ್ನುವವರು ಇಂದು ಲೋಣಾರಕ್ಕೆ ಬರುತ್ತಾರೆ.

ಈಗ ಪುರಾಣದ ಕಥೆಯನ್ನು ಮತ್ತೆ ನೋಡಬಹುದು. ರಾಮಾಯಣದಲ್ಲಿ ಶತ್ರುಘ್ನನು ಕೊಂದ ಲವಣನಿಗೂ ಈತನಿಗೂ ಹೆಸರಿನ ಸಾಮ್ಯವಲ್ಲದೆ ಬೇರೆ ನಂಟನ್ನು ಕಲ್ಪಿಸುವುದು ಬೇಡ. ಲೋಣಾರದ ಲವಣಾಸುರನು ನೆಲದೊಳಗಿನ ಬಿಲದಲ್ಲಿ ಮುಚ್ಚಳ ಹಾಕಿಕೊಂಡು ವಾಸವಾಗಿದ್ದನು. ವಿಷ್ಣುವು ದೈತ್ಯಸೂದನನಾಗಿ ಬಂದು, ಕಾಲಿನ ಹೆಬ್ಬೆರಳಿನಿಂದ ಆ ಮುಚ್ಚಳವನ್ನು ಚಿಮ್ಮಿಸಿ ಒಳಗಿದ್ದವನನ್ನು ಕೊಂದನು. ಸರೋವರದ ನೀರು ಅವನ ರಕ್ತ, ಉಪ್ಪು ಅವನ ಮಾಂಸ. ಚಿಮ್ಮಿದ ಮುಚ್ಚಳವು ಬಹುದೂರದಲ್ಲಿ ಬಿದ್ದು ಗುಡ್ಡವಾಗಿದೆ. ಇದನ್ನು ಉಲ್ಕಾಪಾತವನ್ನು ಕಂಡವರ ಸ್ಮೃತಿಯೆಂದು ಕೆಲವರು ವಾದಿಸುವುದುಂಟು. ಕಾಲಗಣನೆಯು ಈ ವಾದಕ್ಕೆ ನೆರವಾಗದು. ಕುಳಿಯ ವಯಸ್ಸು ಸುಮಾರು 52,000 ವರ್ಷವೆಂದು 1997ರಲ್ಲಿ ಒಂದು ವಿಧಾನದಿಂದ ಗಣಿಸಿದರು. 2011ರಲ್ಲಿ ಆರ್ಗಾನಿನ ವಿಧಾನದಿಂದ ಸುಮಾರು 5,70,000 ವರ್ಷವೆಂದು ಬಂದಿತು. ಎರಡನೆಯದನ್ನು ಹಿಡಿದರೆ ನಮ್ಮಂತಹ ಮನುಷ್ಯರೇ ಇನ್ನೂ ಹುಟ್ಟಿರಲಿಲ್ಲ. ಮೊದಲನೆಯದನ್ನೇ ಹಿಡಿದರೂ, ಐವತ್ತು ಸಾವಿರ ವರ್ಷ ಬಾಯಿಂದ ಬಾಯಿಗೆ ಕಥೆಯೊಂದು ಸಾಗಿ ಬಂದಿತೆಂದು ನಂಬಲು ನನಗೆ ಧೈರ್ಯ ಸಾಲದು.

ಹಾಗೆಂದು ಕಥೆಯನ್ನು ಕಸವೆಂದು ಎಸೆಯಲೂ ನಾನು ಒಪ್ಪೆನು. ಕಂಡವರ ಸ್ಮೃತಿಯಾಗಿದ್ದರೆ ಅದರಲ್ಲಿ ಬೆಂಕಿಯೂ ಬೆಳಕೂ ಗುಡುಗೂ ಇರಬೇಕಾಗಿತ್ತು, ಅವೊಂದೂ ಇಲ್ಲ. ಇರುವುದು ಬೇರೆಯ ಮೂರು ಸಂಗತಿ: ಕುಳಿಯಿದೆ, ಅದರ ನೀರು ಉಪ್ಪು, ಅದರೊಳಗಿದ್ದ ಮಣ್ಣು ಎಲ್ಲಿಯೋ ಹೋಗಿದೆ. ಈ ಮೂರನೆಯದನ್ನು ಗಮನಿಸಿದವರು ಸಾಮಾನ್ಯರಲ್ಲ. ಇಷ್ಟು ದೊಡ್ಡ ಕುಳಿಯಾಗಬೇಕಾದರೆ ಇದರೊಳಗಿನದು ಹೊರಕ್ಕೆ ಬಿದ್ದಿರಬೇಕಲ್ಲವೆ ಎಂದು ಕೇಳಿಕೊಂಡು, ಮುಚ್ಚಳವನ್ನು ಚಿಮ್ಮಿಸಿ ಗುಡ್ಡವಾಗಿ ಬೀಳಿಸಿದವರು ತಾರ್ಕಿಕರೇ ಸರಿ. ಭೂಶಾಸ್ತ್ರಜ್ಞನು ಇಂದು ಅಂಚಿನಾಚೆಯ ಹೊದಿಕೆಯನ್ನು ಅಳೆಯುವಾಗ ಕೇಳುವ ಪ್ರಶ್ನೆಯೂ ಅದೇ. ನಮ್ಮ ನ್ಯಾಯಶಾಸ್ತ್ರದಲ್ಲಿ ಪ್ರತ್ಯಕ್ಷವೇ ಬೇರೆ, ಅನುಮಾನವೇ ಬೇರೆ. ಲೋಣಾರದ ಕಥೆಯು ಪ್ರತ್ಯಕ್ಷವಲ್ಲ, ಅನುಮಾನ. ಹಾಗೆ ತಿಳಿದರೆ ಅದರ ಗೌರವವು ಹೆಚ್ಚುವುದೆಂದು ನನ್ನ ಮತ.

ಬಿದ್ದದ್ದು ಒಂದು ಗಳಿಗೆಯ ಕೆಲಸ. ಆಮೇಲಿನ ಕೆಲಸವೆಲ್ಲ ನೀರಿನದೂ ಜನರದೂ. ಕುಳಿಯು ಭೂಜಲದ ಮಟ್ಟಕ್ಕಿಂತ ಕೆಳಗಿಳಿದುದರಿಂದ ಗೋಡೆಯಲ್ಲಿ ಒರತೆಗಳು ಒಸರತೊಡಗಿದವು. ಈಶಾನ್ಯದ ಅಂಚಿನ ಬಳಿ ಗೋಮುಖದಿಂದ ಸಿಹಿನೀರಿನ ಧಾರೆಯು ಬೀಳುತ್ತಿದೆ. ಒಳಗೆ ಬಂದ ನೀರಿಗೆ ಹೊರಗೆ ದಾರಿಯಿಲ್ಲ. ಬಿಸಿಲಿಗೆ ನೀರು ಹೋಗಿ, ಅದು ತಂದ ಕ್ಷಾರವು ಉಳಿದು, ಯುಗಯುಗಗಳಿಂದ ಕೂಡುತ್ತ ಬಂದು ಸರೋವರವು ಸವುಳಾಯಿತು. ಲವಣವೆಂಬ ಮಾತೇ ಊರಿನ ಹೆಸರಾಯಿತು. ಅಕ್ಬರನ ಕಾಲದಲ್ಲಿ ಹುಟ್ಟಿದ ಐನೆ ಅಕ್ಬರಿಯಲ್ಲಿ, ಇಲ್ಲಿ ಗಾಜು ಮತ್ತು ಸಾಬೂನುಗಳಿಗೆ ಬೇಕಾದ ಸಾಮಗ್ರಿ ದೊರೆಯುವುದೆಂಬ ಮಾತಿದೆ. ಸಿಹಿನೀರಿನ ಧಾರೆಯ ಸುತ್ತ ತೀರ್ಥವೂ, ತೀರ್ಥದ ಸುತ್ತ ಗುಡಿಗಳೂ, ಗುಡಿಗಳ ಸುತ್ತ ಊರೂ ಬೆಳೆದವು. ಊರೊಳಗಿನ ದೈತ್ಯಸೂದನ ದೇವಾಲಯದ ನಕ್ಷತ್ರಾಕಾರದ ತಳಹದಿಯನ್ನು ಕಂಡ ಕನ್ನಡಿಗನಿಗೆ ಬೇಲೂರು ಹಳೇಬೀಡುಗಳು ನೆನಪಾಗದಿರವು.

ಇದು ಲೋಣಾರವೊಂದರ ವಿಶೇಷವಲ್ಲ. ಮೆಕ್ಸಿಕೋ ದೇಶದ ಯುಕತಾನಿನಲ್ಲಿ 6.6 ಕೋಟಿ ವರ್ಷಗಳ ಹಿಂದೆ ಬಿದ್ದ ಮಹೋಲ್ಕೆಯ ಕುಳಿಯು ಸುಮಾರು 180 ಕಿಲೋಮೀಟರು ಅಗಲವಾದದ್ದು. ದೊಡ್ಡ ಉರಗಗಳ ಸಂತತಿಯನ್ನು ಅಳಿಸಿದ ಉತ್ಪಾತವೆಂದು ಹೇಳುವುದು ಇದನ್ನೇ. ದಖ್ಖನದ ಶಿಲಾರಸವು ಉಕ್ಕುತ್ತಿದ್ದ ಯುಗವೂ ಅದೇ. ಆ ಕುಳಿಯು ಸುಣ್ಣಕಲ್ಲಿನ ಕೆಳಗೆ ಪೂರ್ತಿಯಾಗಿ ಮುಚ್ಚಿಹೋಗಿದೆ. ಆದರೆ ಹೂತ ಅಂಚಿನ ಗುಂಟ ಮೇಲಿನ ಸುಣ್ಣಕಲ್ಲು ಕುಸಿದು, ನೀರುತುಂಬಿದ ಬಾವಿಗಳು ಕಮಾನಿನಂತೆ ಸಾಲುಗಟ್ಟಿವೆ. ಹೊಳೆಗಳಿಲ್ಲದ ಆ ನಾಡಿನಲ್ಲಿ ಮಾಯಾ ಜನರು ಅಂತಹ ಬಾವಿಗಳನ್ನು ನಂಬಿಯೇ ಬಾಳಿದರು. ಜರ್ಮನಿಯ ನೋರ್ಡ್ಲಿಂಗೆನ್ ಎಂಬ ಪಟ್ಟಣವು ಒಂದೂವರೆ ಕೋಟಿ ವರ್ಷ ಹಳೆಯ, 24 ಕಿಲೋಮೀಟರು ಅಗಲದ ಕುಳಿಯೊಳಗೆ ಕುಳಿತಿದೆ. ಅಲ್ಲಿಯ ದೊಡ್ಡ ಇಗರ್ಜಿಯನ್ನು ಕಟ್ಟಿರುವುದು ಉಲ್ಕೆಯ ಆಘಾತದಿಂದಲೇ ಹುಟ್ಟಿದ ಕಲ್ಲಿನಿಂದ. ಕಟ್ಟಿದವರಿಗೆ ಅದು ತಿಳಿದಿರಲಿಲ್ಲ.

ಹಾಗಾದರೆ ನಮ್ಮ ಮಲೆನಾಡಿನಲ್ಲಿ ಏಕಿಲ್ಲ? ಶಿವಮೊಗ್ಗ ಭದ್ರಾವತಿಗಳ ಸುತ್ತಣ ಶಿಲೆಗಳು ಧಾರವಾಡ ವರ್ಗದವು. ರಾಬರ್ಟ್ ಬ್ರೂಸ್ ಫುಟ್ ಎಂಬ ಭೂಶಾಸ್ತ್ರಜ್ಞರು ಕೊಟ್ಟ ಹೆಸರು ಇದು. ಇವೂ ಇವುಗಳ ತಳದ ಪದರಗಲ್ಲೂ 250 ಕೋಟಿ ವರ್ಷಗಳಿಗಿಂತ ಹಿಂದಿನವು. ಅಷ್ಟು ಕಾಲದಲ್ಲಿ ಈ ನೆಲದ ಮೇಲೆ ಉಲ್ಕೆಗಳು ಬೀಳದಿದ್ದುವೆಂದು ಭಾವಿಸುವುದು ಅಸಾಧ್ಯ. ಗಾಳಿಯೂ ಮಳೆಯೂ ಇಲ್ಲದ ಚಂದ್ರನ ಮುಖವು ಸಿಡುಬು ಬಿದ್ದಂತೆ ಇರುವುದೇ ಅದಕ್ಕೆ ಪ್ರಮಾಣ. ಭೂಮಿಯ ಮೇಲೆ ದೃಢಪಟ್ಟಿರುವ ಕುಳಿಗಳು ಎಲ್ಲ ಸೇರಿ ಇನ್ನೂರರ ಆಸುಪಾಸು. ಕರ್ನಾಟಕದಲ್ಲಿ ಒಂದೂ ಇಲ್ಲ. ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಆ ನೀರು ಮಣ್ಣನ್ನೂ ಕಲ್ಲನ್ನೂ ಸವೆಸಿ, ಸಕ್ರೆಬೈಲಿನ ಮುಂದೆಯೇ ಹಾದು, ಕೊನೆಗೆ ಬಂಗಾಳ ಕೊಲ್ಲಿಗೆ ಸಾಗಿಸುತ್ತದೆ. ಈ ಸವೆತವು ಕೋಟ್ಯಂತರ ವರ್ಷ ನಡೆದಲ್ಲಿ ಐನೂರು ಅಡಿಯ ಕುಳಿಯೇನು, ಅದರ ಮೇಲಿನ ಬೆಟ್ಟಗಳೇ ಉಳಿಯುವುದಿಲ್ಲ. ಇಂದು ನಾವು ನಡೆದಾಡುವ ನೆಲವು ಒಂದು ಕಾಲದಲ್ಲಿ ಬೆಟ್ಟಗಳ ಬೇರಾಗಿತ್ತು.

ಅಷ್ಟೇ ಪುರಾತನವಾದ ಶಿಲೆಯಲ್ಲಿ ಕುಳಿಯು ಉಳಿದ ಉದಾಹರಣೆಯೂ ನಮ್ಮ ದೇಶದಲ್ಲಿಯೇ ಇದೆ. ಮಧ್ಯಪ್ರದೇಶದ ಶಿವಪುರಿ ಜಿಲ್ಲೆಯ ಢಾಲಾ ಎಂಬಲ್ಲಿ, ಬುಂದೇಲಖಂಡದ ಹಳೆಯ ಕಲ್ಲಿನಲ್ಲಿ, ಸುಮಾರು 11 ಕಿಲೋಮೀಟರು ಅಗಲದ ರಚನೆಯೊಂದು ಉಳಿದಿದೆ. ಅದು ಆದದ್ದು 170 ಕೋಟಿ ವರ್ಷಗಳಿಗೂ ಹಿಂದೆ. ಅದನ್ನು ಕಾಪಾಡಿದ್ದು ಅದರ ಮೇಲೆ ಆಮೇಲೆ ಕೂತ ಮರಳುಗಲ್ಲಿನ ಹೊದಿಕೆ. ಈಗ ಅಲ್ಲಿ ಕಣ್ಣಿಗೆ ಕಾಣುವುದು ಕುಳಿಯಲ್ಲ, ನಡುವೆ ಚಪ್ಪಟೆ ತಲೆಯ ಒಂದು ದಿಬ್ಬ. ರಾಜಸ್ಥಾನದ ಬಾರಾಂ ಜಿಲ್ಲೆಯ ರಾಮಗಢದಲ್ಲಿಯೂ ಕುಳಿಯು ಸವೆದು, ಗಟ್ಟಿಯಾದ ಮರಳುಗಲ್ಲು ಮಾತ್ರ ಬಯಲಿನ ನಡುವೆ ಬಳೆಯಂತಹ ಗುಡ್ಡವಾಗಿ ನಿಂತಿದೆ; ಅದರೊಳಗೆ ಒಂದು ಹಳೆಯ ಶಿವಾಲಯ. ಒಂದೇ ಬಗೆಯ ಪೆಟ್ಟು ಒಂದೆಡೆ ಸರೋವರವಾಗಿ, ಒಂದೆಡೆ ದಿಬ್ಬವಾಗಿ, ಒಂದೆಡೆ ಗುಡ್ಡವಾಗಿ ತೋರುವುದು. ಆದಕಾರಣ ದುಂಡಗಿರುವುದೆಲ್ಲ ಉಲ್ಕೆಯ ಕುಳಿಯೆಂದು ಹೇಳುವ ನಮ್ಮ ಉತ್ಸಾಹಿಗಳು ಎರಡು ಸಾರಿ ಎಡವುತ್ತಾರೆ: ಅವರ ದುಂಡುಕೆರೆಯನ್ನು ಯಾವನೋ ಪಾಳೆಯಗಾರನೋ ಊರಗೌಡನೋ ಒಡ್ಡು ಹಾಕಿಸಿ ಕಟ್ಟಿಸಿರುತ್ತಾನೆ, ನಿಜವಾದ ಪೆಟ್ಟಿನ ಗುರುತಾದರೋ ಅವರು ದಿನವೂ ನೋಡುವ, ದುಂಡಗೇ ಇಲ್ಲದ ದಿಬ್ಬವೊಂದರ ಕಲ್ಲಿನೊಳಗೆ ಅಡಗಿರಬಹುದು. ಕೆರೆಯ ಕಲ್ಲನ್ನು ಪರೀಕ್ಷೆಗೆ ಕೊಡುವ ಮೊದಲು ಕೆರೆಯ ಏರಿಯ ಮೇಲೆ ಶಾಸನವಿದೆಯೇ ಎಂದು ನೋಡುವುದು ಲೇಸು.

ಲೋಣಾರವೂ ತುಂಬುತ್ತಿದೆ. ಅದನ್ನು 1979ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದರು. 2020ರ ಜೂನ್ ತಿಂಗಳಲ್ಲಿ ನೀರು ಕಡಮೆಯಾಗಿ ಉಪ್ಪು ಹೆಚ್ಚಿದಾಗ, ಉಪ್ಪಿನಲ್ಲಿಯೇ ಬದುಕುವ ಸೂಕ್ಷ್ಮಜೀವಿಗಳಿಂದ ಸರೋವರವೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿ ಜನರನ್ನು ಬೆರಗುಗೊಳಿಸಿತು. ಅಸುರನ ರಕ್ತದ ಮಾತಿಗೆ ಇಂತಹ ಹಿಂದಿನ ಯಾವುದೋ ಬೇಸಗೆಯೂ ಕಾರಣವಾಗಿರಬಹುದೆಂದು ನನಗೆ ತೋರುತ್ತದೆ. ಆದರೆ ಇತಿಹಾಸವನ್ನು ಬಯಸುವವರಿಗೆ ಬೆಲೆಯುಳ್ಳದ್ದು ನೀರಿನ ಬಣ್ಣಕ್ಕಿಂತ ತಳದ ಕೆಸರು. ಹೊರದಾರಿಯಿಲ್ಲದ ಕುಳಿಯಾದ್ದರಿಂದ ಪ್ರತಿವರ್ಷದ ಮಳೆಯೂ ತಂದ ಮಣ್ಣು ಅಲ್ಲಿಯೇ ಪದರವಾಗಿ ಕೂರುತ್ತದೆ; ನಮ್ಮ ಹಿಂದಿನ ವರ್ತಕರು ಕಡತದ ಮಡಿಕೆಯ ಮೇಲೆ ಮಡಿಕೆಯಾಗಿ ಲೆಕ್ಕ ಬರೆದಿಡುತ್ತಿದ್ದಂತೆ. ಹತ್ತು ಮೀಟರಿನಷ್ಟು ಉದ್ದದ ಕೆಸರಿನ ಕಂಬವನ್ನು ತೆಗೆದು ಪರೀಕ್ಷಿಸಿದವರು ಸುಮಾರು 11,000 ವರ್ಷಗಳ ಮಳೆಯ ಲೆಕ್ಕವನ್ನು ಓದಿದ್ದಾರೆ. ನೀರು ಬತ್ತಿ ಕ್ಷಾರವು ಹೆಚ್ಚಿದಾಗ ಮಾತ್ರ ಕಟ್ಟುವ ಹರಳುಗಳು ಆ ಕಂಬದಲ್ಲಿ ಎರಡು ಕಡೆ ಒತ್ತಾಗಿ ಕಾಣುತ್ತವೆ: ಒಂದು, ಈಗ್ಗೆ 4600 ವರ್ಷದಿಂದ 3900 ವರ್ಷದ ಹಿಂದಿನವರೆಗೆ, ಎಂದರೆ ಸಿಂಧೂ ತೀರದ ಪಟ್ಟಣಗಳು ಏಳಿಗೆಗೆ ಬಂದು ಕ್ಷೀಣಿಸಿದ ಕಾಲ, ಇನ್ನೊಂದು, 2000 ವರ್ಷದಿಂದ 600 ವರ್ಷದ ಹಿಂದಿನವರೆಗೆ. ಈ ಎರಡನೆಯದರೊಳಗೆ ಚಾಲುಕ್ಯ, ರಾಷ್ಟ್ರಕೂಟ, ಸೇವುಣರೆಲ್ಲ ಬರುತ್ತಾರೆ. ಕುಳಿಯೊಳಗಿನ ಗುಡಿಗಳು ಎದ್ದದ್ದೂ ಆಗಲೇ. ಅವುಗಳಲ್ಲಿ ಕೆಲವು ನೀರಿನ ಅಂಚಿಗೆ ತೀರ ಹತ್ತಿರದಲ್ಲಿರುವುದನ್ನು ನೋಡಿದರೆ, ಕಟ್ಟಿದವರ ಕಾಲಕ್ಕೆ ಸರೋವರವು ಇಂದಿಗಿಂತ ಕೆಳಗಿದ್ದಿತೆಂದು ಊಹಿಸಬೇಕಾಗುತ್ತದೆ.